ಅಂಗಡಿ ಗಾಜಿನ ಮೇಲೆ ಹೆಸರು: ಚಿನ್ನದ ರೇಕೋ, ರೇಡಿಯಂ ಕಟಿಂಗೋ?

ಕಳೆದ ವರ್ಷ ಚೌತಿ ಮುಗಿದ ವಾರ ಮುಂಬಯಿಯ ಮಾಟುಂಗದಿಂದ ಮಾವ ಫೋನ್ ಮಾಡಿದರು. ಹೋಟೆಲಿನ ಹಳೆಯ ಮರದ ಬಾಗಿಲು ತೆಗೆಸಿ ಗಾಜಿನದು ಹಾಕಿಸಿದ್ದರು. "ಹೆಸರು ಬರೆಸ್ಬೇಕು ಮಾರಾಯ. ರೇಡಿಯಂನವ ನಾಳೆಗೇ ಅಂಟಿಸಿ ಕೊಡ್ತೇನೆ ಅಂತಾನೆ. ನೀನು ಚಿನ್ನದ ರೇಕು ಒಳ್ಳೇದು ಅಂತಿದ್ದೆ. ಯಾವುದು ಮಾಡ್ಸುವ?"

ನಾನು ವಾಪಸ್ ಒಂದೇ ಮಾತು ಕೇಳಿದೆ. "ಆ ಗಾಜು ಅಲ್ಲಿ ಎಷ್ಟು ವರ್ಷ ಇರ್ತದೆ ಮಾವ?"

ಅವರಿಗೆ ಉತ್ತರ ಗೊತ್ತಿರಲಿಲ್ಲ. ಹೋಟೆಲು ಅಜ್ಜನ ಕಾಲದ್ದು, ಪಗಡಿ ಜಾಗ, ಅಂದರೆ ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದದ್ದು, ಯಾರೂ ಎಬ್ಬಿಸುವ ಹಾಗಿಲ್ಲ. ಆದರೆ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುವ ಮಾತು ನಡೆಯುತ್ತಿತ್ತು. ಇವತ್ತಲ್ಲ ನಾಳೆ ಗೋಡೆಯೂ ಇರುವುದಿಲ್ಲ, ಬಾಗಿಲೂ ಇರುವುದಿಲ್ಲ.

ಗಾಜಿನ ಮೇಲೆ ಹೆಸರು ಹಾಕಿಸುವವರು ಮೊದಲು ರೇಟು ಕೇಳುತ್ತಾರೆ. ರೇಟಿನಿಂದ ಶುರು ಮಾಡಿದರೆ ರೇಡಿಯಂ ಗೆದ್ದೇ ಗೆಲ್ಲುತ್ತದೆ, ಮುಂದೆ ಮಾತಾಡುವುದಕ್ಕೇ ಏನೂ ಉಳಿಯುವುದಿಲ್ಲ. ಹೆಸರು ಎಷ್ಟು ವರ್ಷ ಹೀಗೇ ಇರುತ್ತದೆ, ಗಾಜು ಯಾರದು, ಅದು ಎಷ್ಟು ವರ್ಷ ಅಲ್ಲಿರುತ್ತದೆ, ಇವು ಗೊತ್ತಾದ ಮೇಲೆ ರೇಟು ಕೇಳಿ. ನಾನು ದಾದರಿನಲ್ಲಿ ಸ್ಟಿಕರ್ ಕತ್ತರಿಸುವ ಯಂತ್ರ, ಅಂದರೆ ಕಟಿಂಗ್ ಪ್ಲಾಟರ್, ಇಟ್ಟುಕೊಂಡು ರೇಡಿಯಂ ಕೆಲಸವನ್ನೂ ಮಾಡುತ್ತೇನೆ, ಗಿರಗಾಂವಿನ ಒಬ್ಬ ಹಳೆಯ ಪೇಂಟರ್ ಕಾಕಾ ಅವರಿಂದ ಕಲಿತ ಚಿನ್ನದ ಕೆಲಸವನ್ನೂ ಮಾಡುತ್ತೇನೆ. ಎರಡರಿಂದಲೂ ನನ್ನ ಮನೆ ನಡೆಯುತ್ತದೆ. ಹಾಗಾಗಿ ಒಂದನ್ನು ಮೇಲೆ ಕೂರಿಸಿ ಇನ್ನೊಂದನ್ನು ಕೆಳಗೆ ಹಾಕುವ ಅಗತ್ಯ ನನಗಿಲ್ಲ.

ಮೊದಲು ರೇಡಿಯಂ ವಿಷಯ. ಮುಂಬಯಿಯಲ್ಲಿ ಎಲ್ಲರೂ ರೇಡಿಯಂ ಅನ್ನುವುದು ವಿನೈಲ್ ಸ್ಟಿಕರ್‌ಗೆ. ರಾತ್ರಿ ಹೊಳೆಯುವ ಸ್ಟಿಕರ್‌ಗೆ ಬಿದ್ದ ಹೆಸರು ಈಗ ಹೊಳೆಯದ್ದಕ್ಕೂ ಅಂಟಿಕೊಂಡಿದೆ. ಹಿಂದೆ ಬೈಕಿನ ನಂಬರ್ ಪ್ಲೇಟಿಗೆ ಅಂಟಿಸುತ್ತಿದ್ದರಲ್ಲ, ಟ್ಯಾಕ್ಸಿಯ ಗಾಜಿಗೆ ಅಂಟಿಸುತ್ತಾರಲ್ಲ, ಅದೇ. ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿದರೆ ಪ್ಲಾಟರಿನ ಪುಟ್ಟ ಬ್ಲೇಡು ಅಂಚನ್ನು ಕತ್ತರಿಸುತ್ತದೆ. ಬೇಡದ ಭಾಗವನ್ನು ನಾವು ಕೈಯಲ್ಲಿ ಕಿತ್ತು ತೆಗೆಯುತ್ತೇವೆ. ಮೇಲೆ ಒಂದು ಟೇಪು ಎಳೆದು, ಅಕ್ಷರಗಳನ್ನು ಅದರ ಜೊತೆಗೇ ಎತ್ತಿ ಗಾಜಿನ ಮೇಲೆ ಕೂರಿಸುತ್ತೇವೆ. ಗಾಜಿಗೆ ಸೋಪಿನ ನೀರು ಚಿಮುಕಿಸಿಕೊಂಡರೆ ಅಕ್ಷರ ಜಾರುತ್ತದೆ, ಅತ್ತಿತ್ತ ಸರಿಸಿ ನೆಟ್ಟಗೆ ಮಾಡಬಹುದು. ಆಮೇಲೆ ಸ್ಕ್ವೀಜಿಯಿಂದ ನೀರು ಒತ್ತಿ ತೆಗೆದರೆ ಆಯಿತು. ಬೆಳಿಗ್ಗೆ ಫೈಲು ಬಂದರೆ ಸಂಜೆ ಹೆಸರು ಗಾಜಿನ ಮೇಲೆ. ಈ ವೇಗ ಚಿನ್ನಕ್ಕೆ ಯಾವತ್ತೂ ಬರುವುದಿಲ್ಲ.

ಆದರೆ ವಿನೈಲ್ ಅಂದರೆ ಒಂದೇ ಸಾಮಾನಲ್ಲ. ಅಂಗಡಿಯಲ್ಲಿ ನೋಡಿದರೆ ಎಲ್ಲ ರೋಲುಗಳೂ ಒಂದೇ ಥರ ಕಾಣುತ್ತವೆ. ಅಗ್ಗದ್ದು ಮೊನೊಮೆರಿಕ್. ಅದಕ್ಕಿಂತ ಮೇಲಿನದು ಪಾಲಿಮೆರಿಕ್. ಎಲ್ಲಕ್ಕಿಂತ ತೆಳುವಾದ, ದುಬಾರಿಯಾದದ್ದು ಕಾಸ್ಟ್, ಸುಮಾರು 50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಮೊದಲಿನ ಎರಡನ್ನು ಹಿಟ್ಟು ಲಟ್ಟಿಸಿದ ಹಾಗೆ ರೋಲರುಗಳ ನಡುವೆ ಹಿಗ್ಗಿಸಿ ತೆಳು ಮಾಡಿರುತ್ತಾರೆ. ಹಿಗ್ಗಿದ ವಸ್ತು ಬಿಸಿಲು ಕಂಡಾಗ ವಾಪಸ್ ಕುಗ್ಗಲು ನೋಡುತ್ತದೆ. ಕಾಸ್ಟ್ ವಿನೈಲನ್ನು ದೋಸೆ ಹೊಯ್ದ ಹಾಗೆ ಹೊಯ್ದು ಒಣಗಿಸುತ್ತಾರೆ. ಎಳೆತವೇ ಇಲ್ಲದ್ದರಿಂದ ಅದು ಕುಗ್ಗುವುದು ತೀರಾ ಕಡಿಮೆ.

ಈ ಕುಗ್ಗುವಿಕೆಯನ್ನು ನೋಡಬೇಕಾದರೆ ನಿಮ್ಮ ಬೀದಿಯಲ್ಲೇ ಎರಡು ವರ್ಷ ಹಳೆಯ ಅಗ್ಗದ ಸ್ಟಿಕರ್ ಒಂದರ ಹತ್ತಿರ ಹೋಗಿ. ಅಕ್ಷರದ ಸುತ್ತ ಒಂದು ಕಪ್ಪು ಗೆರೆ ಕಾಣುತ್ತದೆ. ಯಾರೂ ಬರೆದದ್ದಲ್ಲ. ವಿನೈಲ್ ಒಳಗೆ ಸರಿದಿದೆ, ಅಂಟು ಇದ್ದಲ್ಲೇ ಉಳಿದಿದೆ, ಆ ಅಂಟಿಗೆ ರಸ್ತೆಯ ಧೂಳು ಹತ್ತಿದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ. ಮೊನೊಮೆರಿಕ್ ಹೊರಗಿನ ಬಿಸಿಲಲ್ಲಿ ಒಂದರಿಂದ ಮೂರು ವರ್ಷ, ಪಾಲಿಮೆರಿಕ್ ಐದರಿಂದ ಏಳು, ಕಾಸ್ಟ್ ಏಳು ದಾಟಿ ಹತ್ತರವರೆಗೆ ಅಂತ ಲೆಕ್ಕ. ಈ ಲೆಕ್ಕವೂ ತಂಪು ದೇಶಗಳದ್ದು, ನಮ್ಮ ಬಿಸಿಲಿಗೆ ಒಂದೆರಡು ವರ್ಷ ಕಳೆದುಕೊಳ್ಳಿ. ಚಿನ್ನದ ಬಣ್ಣದ, ಬೆಳ್ಳಿ ಬಣ್ಣದ ಮೆಟಾಲಿಕ್ ವಿನೈಲ್ ಆದರೆ ಇನ್ನೂ ಕಡಿಮೆ.

ನನ್ನ ಶುರುವಿನ ದಿನಗಳಲ್ಲಿ ಒಬ್ಬ ವ್ಯಾಪಾರಿ ಕಾಸ್ಟ್ ಅಂತ ಹೇಳಿ ಮೊನೊಮೆರಿಕ್ ರೋಲು ಕೊಟ್ಟಿದ್ದ. ನಾನು ನಂಬಿದೆ. ಘಾಟ್ಕೋಪರಿನ ಒಂದು ಬಟ್ಟೆ ಅಂಗಡಿಯ ಪಶ್ಚಿಮ ದಿಕ್ಕಿನ ಗಾಜಿಗೆ ಅಂಟಿಸಿದೆ. ಮೊದಲ ಮಳೆಗಾಲ ಮುಗಿಯುವ ಮೊದಲೇ ಅಕ್ಷರದ ಮೂಲೆಗಳು ಎದ್ದು ಬಂದವು. ಅಂಗಡಿಯವರು ಬೈಯಲಿಲ್ಲ, ಫೋಟೋ ಕಳಿಸಿದರು ಅಷ್ಟೆ. ಅದು ಬೈಗುಳಕ್ಕಿಂತ ಜಾಸ್ತಿ ತಾಗಿತು. ಪೂರ್ತಿ ತೆಗೆದು ನನ್ನ ಖರ್ಚಿನಲ್ಲಿ ಮತ್ತೆ ಹಾಕಿದೆ. ಅವತ್ತಿನಿಂದ ರೋಲಿನ ಡಬ್ಬದ ಮೇಲಿನ ಹೆಸರನ್ನು ಗ್ರಾಹಕರಿಗೆ ತೋರಿಸಿಯೇ ಕತ್ತರಿಸುತ್ತೇನೆ. ನೀವೂ ಕೇಳಿ ನೋಡಿ. ತೋರಿಸುವುದಕ್ಕೆ ಹಿಂದೆಮುಂದೆ ನೋಡುವವರ ಹತ್ತಿರ ಮಾಡಿಸಬೇಡಿ.

ಈಗ ಚಿನ್ನ.

ಇದು ಚಿನ್ನದ ಬಣ್ಣವಲ್ಲ, ನಿಜವಾದ ಚಿನ್ನ. ಸಾಮಾನ್ಯವಾಗಿ 23 ಕ್ಯಾರೆಟ್ಟು ಅಥವಾ ಅದಕ್ಕೂ ಸ್ವಲ್ಪ ಮೇಲೆ. ಬಡಿದು ಬಡಿದು 0.1 ಮೈಕ್ರಾನಿನಷ್ಟು ತೆಳು ಮಾಡಿರುತ್ತಾರೆ. ಒಂದು ಸಾಧಾರಣ ಕಾಗದದ ದಪ್ಪದಲ್ಲಿ ಇಂಥ ಸಾವಿರ ರೇಕು ಅಡಗಬಹುದು. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಒಡವೆಗೆ, ಕಿರೀಟಕ್ಕೆ ಹಾಕುವುದು ಇದೇ ಜಾತಿಯ ರೇಕು. ಸಣ್ಣ ಪುಸ್ತಕದ ಹಾಗೆ ಕಾಗದಗಳ ನಡುವೆ ಇಟ್ಟು ಮಾರುತ್ತಾರೆ. ಒಂದು ಪುಸ್ತಕಕ್ಕೆ 25 ರೇಕು, ಒಂದೊಂದೂ ಸುಮಾರು 8 ಸೆಂಟಿಮೀಟರ್ ಚೌಕ. ಬೆರಳಲ್ಲಿ ಮುಟ್ಟಿದರೆ ರೇಕು ಕೈಗೆ ಬರುವುದಿಲ್ಲ, ಬೆರಳಿಗೇ ಮೆತ್ತಿಕೊಂಡು ಮಾಯವಾಗುತ್ತದೆ.

ಕೆಲಸ ಗಾಜಿನ ಒಳಬದಿಯಲ್ಲಿ, ತಿರುಗುಮುರುಗಾಗಿ. ಹೊರಗಿನಿಂದ ನೋಡುವವರಿಗೆ ಗಾಜಿನ ಹಿಂದೆ ಚಿನ್ನ ಕಾಣುತ್ತದೆ. ಮೊದಲು ಸೀಮೆಸುಣ್ಣದ ಪುಡಿ ಹಾಕಿ ಗಾಜನ್ನು ತಿಕ್ಕಿ ಎಣ್ಣೆಯ ಜಿಡ್ಡು ಒಂದಿಷ್ಟೂ ಇಲ್ಲದ ಹಾಗೆ ಮಾಡಬೇಕು. ಡಿಸ್ಟಿಲ್ಡ್ ನೀರನ್ನು ಬಿಸಿ ಮಾಡಿ ಅರ್ಧ ಲೀಟರಿಗೆ ಒಂದು ಖಾಲಿ ಜಿಲೆಟಿನ್ ಕ್ಯಾಪ್ಸೂಲು ಕರಗಿಸಿದರೆ ಅದೇ ಅಂಟು. ಅಷ್ಟು ಕಡಿಮೆ ಅಂಟು ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಸಾಕು, ಜಾಸ್ತಿಯಾದರೆ ಹೊಳಪು ಮಂಕಾಗುತ್ತದೆ. ಆ ನೀರನ್ನು ಗಾಜಿನ ಮೇಲೆ ಹರಿಯುವಷ್ಟು ಹಚ್ಚಬೇಕು. ಅಗಲವಾದ, ತೆಳ್ಳನೆಯ ಅಳಿಲಿನ ಕೂದಲಿನ ಬ್ರಷ್ಷನ್ನು ಕೆನ್ನೆಗೆ ಒಮ್ಮೆ ಸವರಿಕೊಂಡರೆ ಚರ್ಮದ ಜಿಡ್ಡು ಚೂರೇ ಚೂರು ಅದಕ್ಕೆ ತಾಗುತ್ತದೆ, ರೇಕು ಎತ್ತುವುದಕ್ಕೆ ಅಷ್ಟು ಬೇಕು. ಎತ್ತಿದ ರೇಕನ್ನು ಗಾಜಿನ ಹತ್ತಿರ ತಂದರೆ ಇನ್ನೂ ಒಂದು ಬೆರಳು ದೂರ ಇರುವಾಗಲೇ ಅದು ಬ್ರಷ್ಷಿನಿಂದ ಹಾರಿ ಒದ್ದೆ ಗಾಜಿಗೆ ಹೋಗಿ ಕೂರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಹಳೆಯದಾಗಿಲ್ಲ.

ಆ ಹೊತ್ತಿಗೆ ಫ್ಯಾನ್ ಹಾಕುವ ಹಾಗಿಲ್ಲ. ಮೇ ತಿಂಗಳ ಮುಂಬಯಿಯಲ್ಲಿ ಫ್ಯಾನ್ ಇಲ್ಲದೆ, ಬಾಗಿಲು ಮುಚ್ಚಿ, ಉಸಿರನ್ನು ಪಕ್ಕಕ್ಕೆ ಬಿಡುತ್ತಾ ನಿಲ್ಲಬೇಕು. ಬೆವರಿನ ಹನಿ ಬಿದ್ದರೆ ಆ ಜಾಗ ಹಾಳು. ಕಾಕಾ ಹಣೆಗೆ ಟವೆಲ್ ಕಟ್ಟಿಕೊಂಡೇ ಕೂರುತ್ತಿದ್ದರು.

ನೀರು ಆರಿದ ಮೇಲೆ ಮಂಕಾಗಿದ್ದ ಚಿನ್ನ ಒಂದೊಂದೇ ರೇಕಾಗಿ ಕನ್ನಡಿಯ ಹಾಗೆ ಬೆಳಗುತ್ತಾ ಬರುತ್ತದೆ. ಆಗ ಹಿಂದಿನಿಂದ ಮೊಬೈಲಿನ ಟಾರ್ಚ್ ಹಿಡಿದು ನೋಡಿ, ಬೆಳಕು ಹಸಿರಾಗಿ ಒಳಗೆ ಬರುತ್ತದೆ. ಚಿನ್ನ ಅಷ್ಟು ತೆಳುವಾದರೆ ಬೆಳಕನ್ನು ಸ್ವಲ್ಪ ಬಿಡುತ್ತದೆ, ಬಿಟ್ಟದ್ದು ಹಸಿರು-ನೀಲಿಯ ಕಡೆಯದು. ಅಲ್ಲಲ್ಲಿ ಬಿರುಕು ಕಂಡರೆ ಎರಡನೇ ಸಲ ರೇಕು ಹಾಕಬೇಕು. ಹತ್ತಿಯಿಂದ ಮೆಲ್ಲಗೆ ಉಜ್ಜಬೇಕು. ಆಮೇಲೆ ಅಕ್ಷರದ ಆಕಾರಕ್ಕೆ ಮಾತ್ರ ಹಿಂದಿನಿಂದ ಪೇಂಟ್ ಹಚ್ಚಿ, ಅದು ಒಣಗಿದ ಮೇಲೆ ಉಳಿದ ಚಿನ್ನವನ್ನು ಒದ್ದೆ ಹತ್ತಿಯಲ್ಲಿ ಒರೆಸಿ ತೆಗೆದರೆ ಅಕ್ಷರ ನಿಲ್ಲುತ್ತದೆ. ಸುತ್ತ ಗೆರೆ, ನೆರಳು ಬೇಕಾದರೆ ಈಗ ಬರೆಯಬೇಕು. ಕೊನೆಗೆ ಅಂಚು ದಾಟಿ ಒಂದೆರಡು ಮಿಲಿಮೀಟರ್ ಆಚೆಗೆ ವಾರ್ನಿಷ್. ಆ ಒಂದೆರಡು ಮಿಲಿಮೀಟರನ್ನು ಬಿಟ್ಟುಬಿಡುವ ಪೇಂಟರ್ ಇದ್ದರೆ ಕೆಲಸ ಕೊಡಬೇಡಿ, ಯಾಕೆಂದರೆ ಜಿಲೆಟಿನ್ ನೀರಲ್ಲಿ ಕರಗುವ ವಸ್ತು. ಅಂಚಿನಿಂದ ನೀರು ಒಳಗೆ ಹೋದರೆ ಚಿನ್ನ ಪದರವಾಗಿ ಏಳುತ್ತದೆ. ಎಲ್ಲ ಸೇರಿ ಮೂರರಿಂದ ಐದು ದಿನ. ಮಳೆಗಾಲದಲ್ಲಿ ಪೇಂಟ್ ಒಣಗುವುದೇ ನಿಧಾನ, ಆಗ ವಾರ ಹಿಡಿಯುತ್ತದೆ.

ಖರ್ಚಿನ ಬಗ್ಗೆ ಜನರಲ್ಲಿ ಒಂದು ತಪ್ಪು ಲೆಕ್ಕ ಇದೆ. ಇವತ್ತಿನ ಚಿನ್ನದ ರೇಟಿಗೆ ಯಾರು ಗಾಜಿಗೆ ಹಚ್ಚುತ್ತಾರೆ ಮಾರಾಯರೇ ಅನ್ನುತ್ತಾರೆ. ಲೆಕ್ಕ ಹಾಕೋಣ. ಮಾವನ ಹೋಟೆಲಿನ ಹೆಸರು ನಾಲ್ಕು ಅಡಿ ಉದ್ದ, ಒಂಬತ್ತು ಇಂಚು ಎತ್ತರ, ಅಂದರೆ ಮೂರು ಚದರಡಿ. ರೇಕುಗಳ ಅಂಚು ಒಂದರ ಮೇಲೊಂದು ಬರಬೇಕು, ಎರಡನೇ ಸಲದ ತೇಪೆಯೂ ಬೇಕು, ಹಾಗಾಗಿ ಸುಮಾರು 75 ರೇಕು, ಮೂರು ಪುಸ್ತಕ. ಒಂದು ರೇಕಿನಲ್ಲಿ ಇರುವ ಚಿನ್ನ ಸುಮಾರು 12 ಮಿಲಿಗ್ರಾಂ. ಎಪ್ಪತ್ತೈದಕ್ಕೆ 900 ಮಿಲಿಗ್ರಾಂ. ಒಂದು ಗ್ರಾಂ ಕೂಡ ಆಗಲಿಲ್ಲ! ಮಗುವಿನ ಕಿವಿಯ ರಿಂಗಿನಷ್ಟು ಚಿನ್ನ. ರೇಕಿನ ಬೆಲೆಯಲ್ಲಿ ಬಡಿದವರ ಕೂಲಿಯೂ ಸೇರುತ್ತದೆ, ಅದರ ಮೇಲೆ ಗಾಜಿನ ಮುಂದೆ ನಿಲ್ಲುವವನ ಐದು ದಿನದ ಕೂಲಿ. ಕೊನೆಗೆ ರೇಡಿಯಂ ಸಾವಿರದ ಲೆಕ್ಕದಲ್ಲಿ ಮುಗಿದರೆ ಚಿನ್ನ ಹತ್ತು ಸಾವಿರಗಳ ಲೆಕ್ಕದಲ್ಲಿ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಒಳಬದಿಯ ಚಿನ್ನ ಇಪ್ಪತ್ತು ಮೂವತ್ತು ವರ್ಷ ಆರಾಮವಾಗಿ ಇರುತ್ತದೆ. ಅಷ್ಟರಲ್ಲಿ ರೇಡಿಯಂ ನಾಲ್ಕೈದು ಸಲ ಬದಲಾಗಬೇಕು, ಪ್ರತಿ ಸಲ ಹಳೆಯದನ್ನು ಕೆರೆದು ತೆಗೆಯುವ ಕೂಲಿಯೂ ಇದೆ.

ಇಲ್ಲಿ ಮೋಸ ಆಗುವುದೂ ಉಂಟು. ಹಿತ್ತಾಳೆಯ ರೇಕನ್ನು ಚಿನ್ನ ಅಂತ ಹೇಳಿ ಹಾಕುವವರಿದ್ದಾರೆ. ಅದು ತಾಮ್ರ ಮತ್ತು ಸತುವಿನ ಮಿಶ್ರಣ, ಸಮುದ್ರದ ಗಾಳಿಗೆ ಬೇಗ ಕಪ್ಪಾಗುತ್ತದೆ. ಗುರುತು ಹಿಡಿಯುವುದು ಸುಲಭ. ಅದರ ಹಾಳೆ ದೊಡ್ಡದು, ಸುಮಾರು 14 ಸೆಂಟಿಮೀಟರ್ ಚೌಕ, ಮತ್ತು ಬೆರಳಲ್ಲಿ ಹಿಡಿದು ಎತ್ತಬಹುದು. ನಿಜವಾದದ್ದನ್ನು ಹಾಗೆ ಎತ್ತುವುದಕ್ಕೆ ಸಾಧ್ಯವೇ ಇಲ್ಲ. ಕೆಲಸ ಶುರುವಾಗುವ ದಿನ ಹೋಗಿ ಪಕ್ಕದಲ್ಲಿ ನಿಂತುಕೊಳ್ಳಿ, ಅಷ್ಟೇ ಸಾಕು.

ಮಾವನಿಗೆ ಇದೆಲ್ಲ ಹೇಳುತ್ತಾ ಹೋಗುವಾಗ ಜಿಲೆಟಿನ್ ಅನ್ನುವ ಮಾತು ಬಂತು. ಅವರು ಅಲ್ಲೇ ತಡೆದರು.

"ಜಿಲೆಟಿನ್ ಅಂದ್ರೆ ಎಲುಬಿನದ್ದಲ್ವಾ?"

"ಹೌದು ಮಾವ. ಎಲುಬು, ಚರ್ಮ, ಅದರಿಂದಲೇ ಮಾಡುದು."

"ಹಾಗಾದ್ರೆ ಬೇಡ ಮಾರಾಯ. ಅಜ್ಜ ಮಡಿ ಉಟ್ಟು ಅಡುಗೆ ಮಾಡಿದ ಜಾಗ."

ಇದನ್ನು ಸಣ್ಣ ವಿಷಯ ಅಂತ ತಳ್ಳಿಹಾಕುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಶುದ್ಧ ಸಸ್ಯಾಹಾರಿ ಅಂತ ಬೋರ್ಡ್ ಹಾಕುವವರು ಬೋರ್ಡಿನ ಅಂಟಿನಲ್ಲೂ ಅದನ್ನು ಕೇಳುವುದು ಸರಿಯೇ. ಸಿಹಿತಿಂಡಿಯ ಮೇಲಿನ ಬೆಳ್ಳಿ ವರ್ಕನ್ನು ಪ್ರಾಣಿಮೂಲದ ವಸ್ತು ಬಳಸಿ ಮಾಡಬಾರದು ಅಂತ 2016ರಲ್ಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ ಬಂದಿದೆ. ಚಿನ್ನದ ರೇಕನ್ನೂ ಹಿಂದೆ ಎತ್ತಿನ ಕರುಳಿನ ಪೊರೆಗಳ ನಡುವೆ ಇಟ್ಟು ಬಡಿಯುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಬಳಸಿ ಮಾಡಿದ್ದೂ ಸಿಗುತ್ತದೆ. ನೀವು ಜೈನ ಗ್ರಾಹಕರು ಜಾಸ್ತಿ ಬರುವ ಕಡೆ ಅಂಗಡಿ ಇಟ್ಟಿದ್ದರೆ ಮೊದಲೇ ಕೇಳಿಕೊಳ್ಳಿ.

ದಾರಿ ಇದೆ. ಜಿಲೆಟಿನ್ ನೀರಿನ ಬದಲು ಅಗಸೆ ಎಣ್ಣೆಯಿಂದ ಮಾಡಿದ ಅಂಟಿನಲ್ಲಿ ಅಕ್ಷರ ಬರೆದು, ಅದು ಇನ್ನೇನು ಒಣಗುತ್ತದೆ ಅನ್ನುವ ಹದಕ್ಕೆ ಬಂದಾಗ ರೇಕು ಒತ್ತಬಹುದು. ತೆಳು ಕಾಗದಕ್ಕೆ ಮೊದಲೇ ಅಂಟಿಸಿರುವ ರೇಕು ಸಿಗುತ್ತದೆ, ಅದಾದರೆ ಅಳಿಲಿನ ಕೂದಲಿನ ಬ್ರಷ್ಷೂ ಬೇಡ. ಈ ವಿಧಾನದಲ್ಲಿ ಕನ್ನಡಿಯ ಹೊಳಪು ಬರುವುದಿಲ್ಲ. ದೇವಸ್ಥಾನದ ಹಳೆಯ ಒಡವೆ ಇರುತ್ತದಲ್ಲ, ಎಣ್ಣೆದೀಪದ ಹತ್ತಿರ ಇಟ್ಟು ಇಟ್ಟು ಮೆತ್ತಗಾದ ಬಣ್ಣ, ಹಾಗೆ ಬರುತ್ತದೆ. ಮಾವನಿಗೆ ಸ್ಯಾಂಪಲ್ ಮಾಡಿ ಎರಡನ್ನೂ ತೋರಿಸಿದೆ. ಅಂಟಿನ ವಿಷಯ ಬಿಟ್ಟು ಬರೀ ಕಣ್ಣಿಗೆ ನೋಡಿ ಅಂದರೂ ಅವರು ಮಂದ ಹೊಳಪಿನದ್ದನ್ನೇ ಹಿಡಿದರು. ನನಗೂ ಉಪಾಹಾರದ ಹೋಟೆಲಿಗೆ ಅದೇ ಒಪ್ಪುತ್ತದೆ ಅನ್ನಿಸಿತು. ಕನ್ನಡಿ ಹೊಳಪು ಚಿನ್ನಾಭರಣದ ಅಂಗಡಿಗೆ, ವಕೀಲರ ಆಫೀಸಿಗೆ ಚೆಂದ.

ಮಳೆಯ ಮಾತು ಬೇಗ ಮುಗಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಜು ಒಣಗುವುದೇ ಇಲ್ಲ. ಒಳಗೆ ಎಸಿ ಇದ್ದರಂತೂ ತಣ್ಣಗಾದ ಗಾಜಿನ ಹೊರಬದಿಯಲ್ಲೇ ಬೆವರು ಕಟ್ಟುತ್ತದೆ. ಹೊರಗೆ ಅಂಟಿಸಿದ ವಿನೈಲಿನ ಅಂಚು ಯಾವಾಗಲೂ ನೀರಲ್ಲಿ. ಹೋಗುವವರು ಬರುವವರು ಕೊಡೆಯ ತುದಿ ತಾಗಿಸುತ್ತಾರೆ, ಶಟರ್ ಎಳೆಯುವಾಗ ಉಜ್ಜುತ್ತದೆ. ಚಿನ್ನ ಒಳಗಿರುವುದರಿಂದ ಇದ್ಯಾವುದೂ ತಾಗುವುದಿಲ್ಲ. ಅದರ ಶತ್ರು ಒಳಗೇ ಇದೆ. ಬೆಳಿಗ್ಗೆ ಗಾಜು ಒರೆಸುವ ಹುಡುಗ ಪಾತ್ರೆ ತಿಕ್ಕುವ ಸ್ಕ್ರಬ್ಬರ್ ತಂದರೆ ಕಥೆ ಮುಗಿಯಿತು. ಮೆತ್ತನೆಯ ಬಟ್ಟೆ, ಬರೀ ನೀರು, ಅಕ್ಷರದ ಮೇಲೆ ಒತ್ತಬಾರದು. ಇದನ್ನು ಅವನಿಗೆ ನೀವೇ ನಿಂತು ತೋರಿಸಿ ಕೊಡಿ. ಅಡುಗೆಮನೆಯ ಹಬೆ ನೇರ ಬಡಿಯುವ ಗಾಜಾದರೆ ನಾನು ಚಿನ್ನ ಮಾಡಿಕೊಡುವುದೇ ಇಲ್ಲ.

ವಿನೈಲನ್ನೂ ಒಳಗಿನಿಂದಲೇ ಉಲ್ಟಾ ಕತ್ತರಿಸಿ ಅಂಟಿಸಬಹುದಲ್ಲ ಅಂತ ಕೇಳಬಹುದು. ಅಂಟಿಸಬಹುದು, ಬಾಳಿಕೆಯೂ ಜಾಸ್ತಿ. ಆದರೆ ಹೊರಗಿನವರಿಗೆ ಕಾಣುವುದು ವಿನೈಲಿನ ಅಂಟಿನ ಬದಿ. ಬಿಳಿ, ಕಪ್ಪು ಆದರೆ ಅಷ್ಟು ವ್ಯತ್ಯಾಸ ಕಾಣಲಿಕ್ಕಿಲ್ಲ. ಚಿನ್ನದ ಬಣ್ಣದ್ದು ಬೂದು ಬೂದಾಗಿ ಕಾಣಬಹುದು. ಅಂಗೈ ಅಗಲದ ತುಂಡು ಅಂಟಿಸಿ, ರಸ್ತೆಯ ಆಚೆ ಬದಿಗೆ ಹೋಗಿ ನೋಡಿ.

ರಸ್ತೆಯ ಆಚೆಯಿಂದ ನೋಡುವಾಗ ಸಂಜೆಯೂ ಒಮ್ಮೆ ನೋಡಿ. ಹಗಲಲ್ಲಿ ನಿಜವಾದ ಚಿನ್ನಕ್ಕೂ ಚಿನ್ನದ ಬಣ್ಣದ ವಿನೈಲಿಗೂ ಇರುವ ಅಂತರ ಮಗುವಿಗೂ ಗೊತ್ತಾಗುತ್ತದೆ. ಚಿನ್ನ ಎದುರಿನ ಆಕಾಶವನ್ನು, ಹೋಗುವ ಬಸ್ಸನ್ನು ಹಿಡಿದು ತೋರಿಸುತ್ತದೆ, ನೀವು ನಡೆದ ಹಾಗೆ ಅದೂ ಬದಲಾಗುತ್ತದೆ. ವಿನೈಲ್ ಓರೆಯಿಂದ ನೋಡಿದರೆ ಸಾಸಿವೆ ಬಣ್ಣ, ಅಷ್ಟೆ. ಆದರೆ ರಾತ್ರಿ ಒಳಗೆ ದೀಪ ಉರಿದು ಹೊರಗೆ ಕತ್ತಲಾದರೆ ಚಿನ್ನವೂ ಕಪ್ಪು ನೆರಳಾಗಿಯೇ ಕಾಣುತ್ತದೆ. ಹೊರಗಿನಿಂದ ಬೆಳಕು ಬಿದ್ದರೇ ಅದು ಚಿನ್ನ. ಬಾಗಿಲ ಮೇಲೆ ಒಂದು ದೀಪ ಹಾಕಿಸಿ, ಅಕ್ಷರದ ಸುತ್ತ ಕೆನೆ ಬಣ್ಣದ ಗೆರೆ ಎಳೆಸಿ. ರಾತ್ರಿ ವ್ಯಾಪಾರವೇ ಮುಖ್ಯವಾದವರಿಗೆ, ದೀಪ ಹಾಕುವ ಅವಕಾಶ ಇಲ್ಲದಿದ್ದರೆ, ಬಿಳಿ ವಿನೈಲ್ ಒಳ್ಳೆಯದು ಅಂತ ನಾನೇ ಹೇಳುತ್ತೇನೆ.

ಇನ್ನು ಅಕ್ಷರಗಳ ವಿಷಯ. ಮುಂಬಯಿಯ ಕನ್ನಡಿಗರಿಗೆ ಇದೇ ದೊಡ್ಡ ತಲೆನೋವು, ಇಂಗ್ಲಿಷಿನಲ್ಲಿ ಮಾತ್ರ ಹೆಸರು ಹಾಕುವವರಿಗೆ ಗೊತ್ತೇ ಆಗುವುದಿಲ್ಲ. ಮಹಾರಾಷ್ಟ್ರದಲ್ಲಿ ಅಂಗಡಿಯ ನಾಮಫಲಕ ದೇವನಾಗರಿ ಲಿಪಿಯ ಮರಾಠಿಯಲ್ಲಿ ಇರಲೇಬೇಕು, ಬೇರೆ ಭಾಷೆಯ ಅಕ್ಷರ ಅದಕ್ಕಿಂತ ದೊಡ್ಡದಿರಬಾರದು. 2022ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು, 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಟ್ಟಿತು, ನವೆಂಬರ್ ಕೊನೆಗೆ ಪಾಲಿಕೆಯವರು ತಪಾಸಣೆಗೆ ಇಳಿದರು. ಗಾಜಿನ ಮೇಲಿನ ಹೆಸರೇ ನಿಮ್ಮ ಬೋರ್ಡ್ ಆಗಿದ್ದರೆ ಮರಾಠಿ, ಕನ್ನಡ, ಇಂಗ್ಲಿಷ್ ಮೂರರ ಅಳತೆಯನ್ನೂ ಚಿನ್ನ ಹಚ್ಚುವ ಮೊದಲೇ ಕೂರಿಸಿಕೊಳ್ಳಿ. ವಿನೈಲಾದರೆ ತಪ್ಪಿದ್ದನ್ನು ಕಿತ್ತು ಮತ್ತೆ ಹಾಕಬಹುದು. ಚಿನ್ನದಲ್ಲಿ ತಪ್ಪು ತುಂಬಾ ದುಬಾರಿ.

ಪ್ಲಾಟರಿಗೆ ಕನ್ನಡ ಕೊಡುವುದೂ ಸುಲಭವಲ್ಲ. ಯೂನಿಕೋಡಿನಲ್ಲಿ ಟೈಪ್ ಮಾಡಿ ವಾಟ್ಸಾಪ್ ಮಾಡುತ್ತೀರಿ, ರೇಡಿಯಂನವನ ಹಳೆಯ ಸಾಫ್ಟ್‌ವೇರಿಗೆ ಹಾಕಿದ ಕೂಡಲೇ ಒತ್ತಕ್ಷರ ಕೆಳಗಿನಿಂದ ಎದ್ದು ಪಕ್ಕದಲ್ಲಿ ಕೂರುತ್ತದೆ, "ಅನ್ನ" ಹೋಗಿ "ಅನ್‌ನ" ಆಗುತ್ತದೆ. ಅವನಿಗೆ ಕನ್ನಡ ಬರುವುದಿಲ್ಲ, ಪಾಪ, ಹಾಗೇ ಕತ್ತರಿಸುತ್ತಾನೆ. ಅಕ್ಷರಗಳನ್ನು ಗೆರೆಯ ಆಕಾರಕ್ಕೆ (ಔಟ್‌ಲೈನ್) ಬದಲಾಯಿಸಿದ ಪಿಡಿಎಫ್ ಕೊಡಿ. ಗಾತ್ರ ಚಿಕ್ಕದಾದರೆ ಧ, ಥ, ಫ ಇವುಗಳ ಕೆಳಗಿನ ಪುಟ್ಟ ಗೀಟು ಬೇಡದ ವಿನೈಲಿನ ಜೊತೆ ಕಿತ್ತು ಬರುತ್ತದೆ, "ಮಧುರ" ಇದ್ದದ್ದು "ಮದುರ" ಆಗಿ ನಿಲ್ಲುತ್ತದೆ. ಎರಡು ಇಂಚಿಗಿಂತ ಚಿಕ್ಕ ಕನ್ನಡ ಅಕ್ಷರವನ್ನು ನಾನು ವಿನೈಲಿನಲ್ಲಿ ಕತ್ತರಿಸುವುದಿಲ್ಲ, ಪ್ರಿಂಟ್ ಮಾಡಿ ಕೊಡುತ್ತೇನೆ. ದೇವನಾಗರಿಯ ತಲೆಗೆರೆ ಇನ್ನೊಂದು ಥರ. ಅಕ್ಷರ ಅಕ್ಷರಕ್ಕೂ ಗೆರೆ ಒಂದರ ಮೇಲೊಂದು ಬಂದಿರುತ್ತದೆ, ಅವನ್ನು ಕಂಪ್ಯೂಟರಿನಲ್ಲಿ ಬೆಸೆಯದೆ ಕತ್ತರಿಸಿದರೆ ಪ್ರತಿ ಜೋಡಣೆಯಲ್ಲೂ ಬ್ಲೇಡಿನ ಸೀಳು ಕಾಣುತ್ತದೆ. ಬೆಸೆದರೆ ಇಡೀ ಪದ ಒಂದೇ ತುಂಡಾಗಿ ಬರುತ್ತದೆ, ಕನ್ನಡಕ್ಕಿಂತ ಗಟ್ಟಿಯಾಗಿ ಕೂರುತ್ತದೆ.

ಚಿನ್ನದಲ್ಲಿ ಬರೆಯುವವನು ಕನ್ನಡ ಬಾರದವನೇ ಆಗಿರುವ ಸಾಧ್ಯತೆ ಜಾಸ್ತಿ, ಅದರಲ್ಲೂ ಅವನು ಉಲ್ಟಾ ಬರೆಯಬೇಕು. ಅದಕ್ಕೆ ಹಳೆಯ ಉಪಾಯವೇ ಸರಿ. ಹೆಸರನ್ನು ನಿಜವಾದ ಗಾತ್ರದಲ್ಲಿ ಕಾಗದದ ಮೇಲೆ ತೆಗೆಸಿ. ಮನೆಯಲ್ಲಿ ಕನ್ನಡ ಚೆನ್ನಾಗಿ ಓದುವ ಹಿರಿಯರಿಗೆ ತೋರಿಸಿ. ಆಮೇಲೆ ಗೆರೆಯುದ್ದಕ್ಕೂ ಸೂಜಿಯಲ್ಲಿ ತೂತು ಹೊಡೆದು, ಕಾಗದವನ್ನು ಮಗುಚಿ ಗಾಜಿಗೆ ಹಿಡಿದು, ಬಟ್ಟೆಯ ಗಂಟಿನಲ್ಲಿ ಸೀಮೆಸುಣ್ಣದ ಪುಡಿ ಕಟ್ಟಿ ತಟ್ಟಿದರೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡುತ್ತದೆ. ತೂತಿನ ತಟ್ಟೆಯಲ್ಲಿ ರಂಗೋಲಿ ಹಾಕುವುದನ್ನು ನೋಡಿದ್ದರೆ ಇದು ಗೊತ್ತೇ ಇದೆ. ಉಲ್ಟಾ ಆಗುವ ಕೆಲಸವನ್ನು ಕಾಗದವೇ ಮಾಡಿತು. ನಮ್ಮ ಲಿಪಿಯ ದುಂಡು ತಿರುವುಗಳು ಚಿನ್ನದಲ್ಲಿ ಬಂದಾಗ ಕಾಣುವ ಚಂದ, ಒಂದು ಶ್ರೀಕಾರವನ್ನು ಸುಮ್ನೆ ಮಾಡಿಸಿ ನೋಡಿ, ನನಗೆ ಅದನ್ನು ಬರೆದು ಹೇಳಲು ಬರುವುದಿಲ್ಲ.

ಈಗ ಆಯ್ಕೆಗೆ ಬರೋಣ. ಲೀವ್ ಅಂಡ್ ಲೈಸೆನ್ಸಿನಲ್ಲಿ (ಅವಧಿ ಗೊತ್ತುಮಾಡಿದ ಬಾಡಿಗೆ ಕರಾರಿನಲ್ಲಿ) ಮೂರು ವರ್ಷಕ್ಕೆ ಅಂಗಡಿ ಹಿಡಿದಿದ್ದರೆ, ವ್ಯಾಪಾರ ಹೊಸದಾಗಿದ್ದರೆ, ಹೆಸರೇ ಇನ್ನೂ ಬದಲಾಗಬಹುದು ಅಂತಿದ್ದರೆ ಪಾಲಿಮೆರಿಕ್ ವಿನೈಲ್ ಹಾಕಿಸಿ, ಖುಷಿಯಾಗಿ ವ್ಯಾಪಾರ ಮಾಡಿ. ಬಿಟ್ಟು ಹೋಗುವಾಗ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿದರೆ ಎದ್ದು ಬರುತ್ತದೆ. ಮಾಲೀಕರ ಗಾಜಿಗೆ ಚಿನ್ನ ಹಾಕಿಸಿದರೆ ಅದು ಅವರಿಗೇ ಉಳಿಯುತ್ತದೆ, ಕಿತ್ತು ತರಲು ಆಗುವುದಿಲ್ಲ. ಸಮಯ, ಫೋನ್ ನಂಬರ್, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಇವತ್ತಿನ ವಿಶೇಷ, ಇವಕ್ಕೆಲ್ಲ ಯಾರೇ ಆಗಲಿ ಚಿನ್ನ ಖರ್ಚು ಮಾಡಬಾರದು, ಬದಲಾಗುವುದು ವಿನೈಲಿನಲ್ಲೇ ಇರಲಿ. ಸ್ವಂತ ಜಾಗ, ಇಪ್ಪತ್ತು ವರ್ಷ ಹಳೆಯ ಹೆಸರು, ಮುಂದೆ ಮಕ್ಕಳು ನಡೆಸುತ್ತಾರೆ ಅನ್ನುವ ನಂಬಿಕೆ ಇದ್ದವರು ಹೆಸರೊಂದಕ್ಕೆ ಚಿನ್ನ ಮಾಡಿಸಿ. ಗಾಜಿಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ್ದರೆ ಅಥವಾ ಅದು ಗಾಜಲ್ಲ, ಅಕ್ರಿಲಿಕ್ ಆಗಿದ್ದರೆ ಮಾತ್ರ ನೀರಿನ ಅಂಟಿನ ಚಿನ್ನದ ಆಸೆ ಬಿಡಿ, ಅದು ಅಲ್ಲಿ ಹಿಡಿಯುವುದಿಲ್ಲ.

ಮಾವನ ಹಾಗೆ ಹೆಸರು ಗಟ್ಟಿ, ಕಟ್ಟಡ ಮಾತ್ರ ಗಟ್ಟಿಯಿಲ್ಲ ಅನ್ನುವವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಗಿರಗಾಂವ್, ದಾದರ್, ಮಾಟುಂಗ, ಎಲ್ಲಿ ನೋಡಿದರೂ ಹಳೆಯ ಕಟ್ಟಡದ ಮುಂದೆ ಬಿಲ್ಡರನ ಬೋರ್ಡ್. ಅವರಿಗೆ ನಾನು ಹೇಳುವುದು, ಬಾಗಿಲಿನ ಗಾಜಿನ ಮೇಲೆ ಬರೆಸಲೇಬೇಡಿ. ಬೇರೆ ಒಂದು ಟಫನ್ಡ್ ಗಾಜಿನ ಹಲಗೆಯ ಮೇಲೆ ಬರೆಸಿ, ಸಪೂರ ಚೌಕಟ್ಟು ಹಾಕಿ, ಬಾಗಿಲಿಗಿಂತ ಮೇಲ್ಗಡೆ ಇರುವ ಗಾಜಿನ ಹಿಂದೆ ತೂಗುಹಾಕಿ. ಜಾಗ ಬಿಟ್ಟಾಗ ಎರಡು ಸ್ಕ್ರೂ ಬಿಚ್ಚಿ ತೆಗೆದುಕೊಂಡು ಹೋಗಬಹುದು. ಇನ್ನೊಂದು ಲಾಭ, ಕೆಲಸವನ್ನು ನನ್ನ ಎಸಿ ಕೋಣೆಯಲ್ಲೇ ಮಾಡಬಹುದು, ಮಳೆ ಇದ್ದರೂ ಅಡ್ಡಿ ಇಲ್ಲ, ಹೋಟೆಲ್ ಒಂದು ದಿನವೂ ಮುಚ್ಚಬೇಕಿಲ್ಲ. ಎರಡು ಗಾಜಿನ ನಡುವೆ ಎರಡು ಇಂಚು ಜಾಗ ಬಿಡಿ, ಇಲ್ಲದಿದ್ದರೆ ಒರೆಸಲು ಕೈ ಹೋಗುವುದಿಲ್ಲ.

ಮಾವ ಹಾಗೇ ಮಾಡಿಸಿದರು. ಮೇಲೆ ಮರಾಠಿ, ಕೆಳಗೆ ಅದೇ ಎತ್ತರದಲ್ಲಿ ಕನ್ನಡ, ಅಗಸೆ ಎಣ್ಣೆಯ ಅಂಟಿನ ಮಂದ ಚಿನ್ನದಲ್ಲಿ. ಎರಡು ಭಾಷೆಯಾದ್ದರಿಂದ ಮೂರು ಪುಸ್ತಕದ ಲೆಕ್ಕ ಆರಕ್ಕೆ ಹೋಯಿತು, ಮಾವ ಒಪ್ಪಿದರು. ಬಾಗಿಲ ಗಾಜಿನ ಮೇಲೆ ಬಿಳಿ ರೇಡಿಯಂನಲ್ಲಿ ಬೆಳಿಗ್ಗೆ 7ರಿಂದ ರಾತ್ರಿ 10 ಅಂತ ಸಮಯ. ದೀಪಾವಳಿಗೆ ರಾತ್ರಿ 11ರವರೆಗೆ ತೆರೆಯಲು ಶುರು ಮಾಡಿದಾಗ ನಾನು ಹೋಗಿ 10ನ್ನು ಕಿತ್ತು 11 ಅಂಟಿಸಿ ಬಂದೆ, ಹತ್ತು ನಿಮಿಷದ ಕೆಲಸ. ಮೇಲಿನ ಹಲಗೆಯ ಹಿಂಬದಿಯಲ್ಲಿ, ಪೇಂಟಿನ ಮೂಲೆಯಲ್ಲಿ, ಯಾರಿಗೂ ಕಾಣದ ಹಾಗೆ ಮಾವ ಅಜ್ಜನ ಹೆಸರು ಮತ್ತು ಹೋಟೆಲ್ ಶುರುವಾದ ವರ್ಷ ಬರೆಸಿದ್ದಾರೆ.